ಕನ್ನಡ ಮತ್ತು ಕರ್ನಾಟಕ ಸಂಗೀತದ ಸಿಡಿಗಳನ್ನು ಕಂಪ್ಯೂಟರಿಗೆ ಇಳಿಸುವುದು: ಡ್ರೈವ್, ಸೆಟ್ಟಿಂಗ್, ಟ್ಯಾಗ್ ಬಗ್ಗೆ ಸಲಹೆ ಬೇಕು

ಶ್ರುತಿಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 300ರ ಆಸುಪಾಸು ಸಿಡಿಗಳಿವೆ. ಅರ್ಧಕ್ಕೂ ಹೆಚ್ಚು ಕರ್ನಾಟಕ ಸಂಗೀತದ ಕಛೇರಿಗಳು, ಮಿಕ್ಕಿದ್ದು ಭಾವಗೀತೆ, ಹಳೇ ಚಿತ್ರಗೀತೆ, ದಾಸರ ಪದ, ಒಂದಷ್ಟು ಯಕ್ಷಗಾನ. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಮೆಮೊರಿ ಕಾರ್ಡ್ ಹಾಕುವ ಪುಟ್ಟ ಪ್ಲೇಯರಿಗೆ ತುಂಬಿಕೊಳ್ಳಬೇಕು. ಒಂದು ಸಲ ಮಾಡಿದ ಮೇಲೆ ಅದೇ ಸಿಡಿಯನ್ನು ಮತ್ತೆ ತೆಗೆಯುವ ಹಾಗಿರಬಾರದು.

ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇದೆ, ಸಿಡಿ ಡ್ರೈವ್ ಇಲ್ಲ. ಹಳೇ ಡೆಸ್ಕ್‌ಟಾಪಿನಿಂದ ಬಿಚ್ಚಿಟ್ಟ ಸಾಟಾ (ಕಂಪ್ಯೂಟರಿನ ಒಳಗೆ ಜೋಡಿಸುವ ಕನೆಕ್ಟರ್) ಡಿವಿಡಿ ರೈಟರ್ ಒಂದಿದೆ. ಅದನ್ನೇ ಯುಎಸ್‌ಬಿಗೆ ಸಿಕ್ಕಿಸಬಹುದಾ, ಇಲ್ಲಾ ಹೊಸದು ಕೊಳ್ಳಬೇಕಾ? ನೇರವಾಗಿ ಸೆಕೆಂಡಿಗೆ 320 ಕಿಲೋಬಿಟ್‌ನ ಎಂಪಿ3ಗೆ ಇಳಿಸಿದರೆ ಸಾಕಾ?

ಪರೀಕ್ಷೆಗೆಂದು ಬೇರೊಂದು ಕಂಪ್ಯೂಟರಿನಲ್ಲಿ ಕೆಲವು ಸಿಡಿ ಇಳಿಸಿದಾಗ ಎರಡು ತೊಂದರೆ ಕಂಡವು. ಆಲಾಪನೆ ಮುಗಿದು ಕೃತಿ ಶುರುವಾಗುವ ಕಡೆ, ತಂಬೂರಿ ನಾದ ಹರಿಯುತ್ತಿರುವಾಗಲೇ ಸಣ್ಣದೊಂದು ಕಡಿತ. ಇನ್ನೊಂದು, ಹಾಡುಗಳ ಹೆಸರು ತಾನಾಗಿ ಬರಲಿಲ್ಲ. ಒಂದು ಕಛೇರಿ ಸಿಡಿಗಂತೂ ಯಾವುದೋ ಭಾಷೆಯ ಸಂಬಂಧವಿಲ್ಲದ ಆಲ್ಬಂ ಹೆಸರು ಬಂತು. ಟ್ಯಾಗ್‌ಗಳನ್ನು (ಫೈಲಿನೊಳಗೆ ಬರೆದಿಡುವ ಹಾಡು, ಕಲಾವಿದರ ಹೆಸರು) ಕನ್ನಡದಲ್ಲೇ ಹಾಕಿದರೆ ಪ್ಲೇಯರ್ ತೋರಿಸುತ್ತಾ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಕೀಲಿಮಣೆ

ಮೊದಲು ಡ್ರೈವ್. ಹಳೇ ಡೆಸ್ಕ್‌ಟಾಪ್ ಡ್ರೈವನ್ನು ಎಸೆಯಬೇಡಿ. ಈಗ ಸಿಗುವ ತೆಳು ಯುಎಸ್‌ಬಿ ರೈಟರ್‌ಗಳಿಗಿಂತ ಆ ದಪ್ಪ ಡ್ರೈವ್‌ಗಳು ಗೀರು ಬಿದ್ದ ಸಿಡಿಯನ್ನು ಸಾಮಾನ್ಯವಾಗಿ ಚೆನ್ನಾಗಿ ಓದುತ್ತವೆ. ಆದರೆ ಅದಕ್ಕೆ 5 ವೋಲ್ಟ್ ಜೊತೆ 12 ವೋಲ್ಟ್ ಕೂಡ ಬೇಕು. ಲ್ಯಾಪ್‌ಟಾಪ್ ಹಾರ್ಡ್‌ಡಿಸ್ಕಿಗೆಂದು ಮಾರುವ ಬರೀ ಕೇಬಲ್ 5 ವೋಲ್ಟ್ ಮಾತ್ರ ಕೊಡುತ್ತದೆ, ಅದರಲ್ಲಿ ಈ ಡ್ರೈವ್ ನಡೆಯುವುದಿಲ್ಲ. ಬೇರೆ ಅಡಾಪ್ಟರ್ ಜೊತೆ ಬರುವ, 12 ವೋಲ್ಟ್ 2 ಆಂಪಿಯರ್ ಕೊಡುವ ಯುಎಸ್‌ಬಿ–ಸಾಟಾ ಕನ್ವರ್ಟರ್ ತಗೊಳ್ಳಿ. ಕೊಳ್ಳುವ ಮುಂಚೆ ಅದು ಸಿಡಿ/ಡಿವಿಡಿ ಡ್ರೈವ್‌ಗೂ ಕೆಲಸ ಮಾಡುತ್ತಾ ಅಂತ ವಿವರದಲ್ಲಿ ಓದಿ. ಕೆಲವು ಹಾರ್ಡ್‌ಡಿಸ್ಕನ್ನಷ್ಟೇ ಗುರುತಿಸುತ್ತವೆ.

ತೆಳು ಯುಎಸ್‌ಬಿ ಡ್ರೈವನ್ನೂ ಒಂದು ಇಟ್ಟುಕೊಳ್ಳಿ. ಒಂದು ಡ್ರೈವ್ ತಡವರಿಸಿದ ಸಿಡಿಯನ್ನು ಇನ್ನೊಂದು ಸಲೀಸಾಗಿ ಓದುವುದು ತೀರಾ ಸಾಮಾನ್ಯ. ಅದನ್ನು ಹಬ್‌ಗೆ ಹಾಕದೆ ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿ. ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, ತಿರುಗಲು ಶುರುವಾದಾಗ ಡ್ರೈವ್ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಕಟಕಟ ಸದ್ದು ಬಂದು ಡ್ರೈವ್ ಮಾಯವಾಗಿ ಮತ್ತೆ ಕಾಣಿಸಿದರೆ ಕಾರಣ ಕರೆಂಟು ಸಾಲದ್ದು, ಸಿಡಿ ಅಲ್ಲ.

ಎರಡನೆಯದು, ಸಿಡಿಗಳನ್ನು ವಿಂಗಡಿಸಿ. 2000ದ ನಂತರ ನಮ್ಮಲ್ಲಿ ಮಾರಿದ ಎಷ್ಟೋ ಚಿತ್ರಗೀತೆ, ಭಕ್ತಿಗೀತೆಯ ಸಿಡಿಗಳು ಆಡಿಯೋ ಸಿಡಿಗಳೇ ಅಲ್ಲ, ಎಂಪಿ3 ಸಿಡಿಗಳು. ಒಂದರಲ್ಲೇ 50–100 ಹಾಡು ಇದ್ದರೆ ಅದು ಎಂಪಿ3. ಅದನ್ನು ರಿಪ್ ಮಾಡುವ (ಆಡಿಯೋ ಸಿಡಿಯ ಧ್ವನಿಯನ್ನು ಓದಿ ಫೈಲ್ ಮಾಡುವ) ಪ್ರಶ್ನೆಯೇ ಇಲ್ಲ, ಫೈಲುಗಳನ್ನು ಹಾಗೇ ಕಾಪಿ ಮಾಡಿ, ಫ್ಲಾಕ್‌ಗೆ (ಧ್ವನಿ ಏನೂ ಕಳೆಯದೆ ಗಾತ್ರ ಕುಗ್ಗಿಸುವ ಫೈಲ್ ಮಾದರಿ) ಬದಲಾಯಿಸಬೇಡಿ. ಎಂಪಿ3 ಮಾಡುವಾಗ ಹೋಗಿರುವ ಧ್ವನಿ ವಾಪಸ್ ಬರುವುದಿಲ್ಲ, ಫೈಲಷ್ಟೇ ದೊಡ್ಡದಾಗುತ್ತದೆ. ಮನೆಯಲ್ಲೇ ಬರ್ನ್ ಮಾಡಿದ ಸಿಡಿಗಳಿದ್ದರೆ ಎಲ್ಲಕ್ಕಿಂತ ಮುಂಚೆ ಅವನ್ನು ಇಳಿಸಿ. ಅವುಗಳ ಮಾಹಿತಿ ಬಣ್ಣದ ಪದರದಲ್ಲಿ ಕೂತಿರುತ್ತದೆ, ಬಿಸಿಲು, ಸೆಕೆ, ತೇವಕ್ಕೆ ಬಣ್ಣ ಮಾಸುತ್ತದೆ. ಕಾರ್ಖಾನೆಯಲ್ಲಿ ಒತ್ತಿದ ಸಿಡಿಗೆ ಅಷ್ಟು ಆತುರ ಇಲ್ಲ.

ಮೂರನೆಯದು, ಎಂಪಿ3ಗೆ ನೇರ ಇಳಿಸಬೇಡಿ. ಮೂಲ ಪ್ರತಿ ಫ್ಲಾಕ್ ಇರಲಿ, ಪ್ಲೇಯರಿಗೆ ಬೇಕಾದ್ದನ್ನು ಅದರಿಂದ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು. ಲೆಕ್ಕ ನೋಡಿ: ಸಿಡಿಯ ಆಡಿಯೋ ಸೆಕೆಂಡಿಗೆ 1411 ಕಿಲೋಬಿಟ್, ಒಂದು ಗಂಟೆಗೆ 635 ಎಂಬಿ. ಫ್ಲಾಕ್ ಮಾಡಿದರೆ ಸರಾಸರಿ 350 ಎಂಬಿ ಹಿಡಿಯಿರಿ, ವೀಣೆ ಅಥವಾ ಒಂಟಿ ಕೊಳಲಾದರೆ ಇನ್ನೂ ಕಡಿಮೆ. 300 ಸಿಡಿಗೆ 105 ಜಿಬಿ. ಇವತ್ತಿನ ಹಾರ್ಡ್‌ಡಿಸ್ಕಿಗೆ ಅದೇನೂ ಅಲ್ಲ.

ಈಗ ತಂತ್ರಾಂಶ. ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ, ಅಂದರೆ ಇಎಸಿ. ಇದೇ ಏಕೆ ಅನ್ನುವುದು ಗೊತ್ತಿದ್ದರೆ ಸೆಟ್ಟಿಂಗ್ ತಾನಾಗಿ ಅರ್ಥವಾಗುತ್ತದೆ. ಡೇಟಾ ಸಿಡಿಯ ಒಂದು ಸೆಕ್ಟರಿನ 2352 ಬೈಟಿನಲ್ಲಿ 2048 ಮಾತ್ರ ಮಾಹಿತಿ, ಉಳಿದದ್ದು ವಿಳಾಸ ಮತ್ತು ತಪ್ಪು ತಿದ್ದುವ ಸಂಕೇತ. ಆಡಿಯೋ ಸಿಡಿಯಲ್ಲಿ 2352 ಬೈಟೂ ಧ್ವನಿಯೇ. ಒಳಗಿನ ಮೊದಲ ಹಂತದ ತಿದ್ದುವಿಕೆ ಸೋತರೆ ಅದರ ಮೇಲೆ ಇನ್ನೊಂದು ಕಾವಲಿಲ್ಲ. ಡ್ರೈವ್ ಅಕ್ಕಪಕ್ಕದ ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ) ನೋಡಿ ಅಂದಾಜಿನಲ್ಲಿ ಜಾಗ ತುಂಬಿ ಮುಂದೆ ಹೋಗುತ್ತದೆ, ಯಾರಿಗೂ ಹೇಳುವುದಿಲ್ಲ. ಸಾಮಾನ್ಯ ರಿಪ್ಪರ್ ಅದನ್ನೇ ಸರಿ ಅಂತ ಬರೆದಿಡುತ್ತದೆ. ಇಎಸಿಯ ಸೆಕ್ಯೂರ್ ಮೋಡ್ ಪ್ರತಿ ಭಾಗವನ್ನೂ ಎರಡು ಸಲ ಓದಿ ಹೋಲಿಸುತ್ತದೆ. ಹೊಂದದಿದ್ದರೆ 16 ಸಲದ ಕಂತಿನಲ್ಲಿ ಮತ್ತೆ ಮತ್ತೆ ಓದಿ, 16ರಲ್ಲಿ 8 ಒಂದೇ ಆದರಷ್ಟೇ ಒಪ್ಪುತ್ತದೆ.

ಡ್ರೈವ್ ಆಪ್ಷನ್ಸ್‌ನಲ್ಲಿ ಮಾಡಬೇಕಾದ್ದು: ಸೆಕ್ಯೂರ್ ಮೋಡ್ ಆರಿಸಿ. ಆಕ್ಯುರೇಟ್ ಸ್ಟ್ರೀಮ್‌ಗೆ ಟಿಕ್. "ಡ್ರೈವ್ ಕ್ಯಾಶಸ್ ಆಡಿಯೋ ಡೇಟಾ" ಅನ್ನುವುದಕ್ಕೂ ಟಿಕ್. ಇದನ್ನು ಬಿಟ್ಟರೆ ಎರಡನೇ ಓದು ಸಿಡಿಯಿಂದ ಬರದೆ ಡ್ರೈವಿನ ನೆನಪಿನಿಂದಲೇ ಬಂದು, ತಪ್ಪು ತಪ್ಪಿಗೇ ಹೊಂದಿಕೊಂಡು, ಎಲ್ಲ ಸರಿ ಅಂತ ತೋರಿಸುತ್ತದೆ. ಸಿ2 (ಓದಿನ ತಪ್ಪಿನ ಬಗ್ಗೆ ಡ್ರೈವ್ ತಾನೇ ಕೊಡುವ ವರದಿ) ಟಿಕ್ ಬೇಡ, ಎಷ್ಟೋ ಡ್ರೈವ್‌ಗಳು ಆ ಮಾಹಿತಿಯನ್ನು ಪೂರ್ತಿ ಕೊಡುವುದಿಲ್ಲ. ಇಎಸಿ ಆಪ್ಷನ್ಸ್‌ನಲ್ಲಿ ಎರರ್ ರಿಕವರಿ ಕ್ವಾಲಿಟಿ "ಹೈ" ಇರಲಿ. ಆದಿ ಅಂತ್ಯದ ಮೌನ ಕತ್ತರಿಸುವುದು ಮತ್ತು ನಾರ್ಮಲೈಸ್ (ಧ್ವನಿಯ ಮಟ್ಟ ಬದಲಿಸುವುದು) ಎರಡನ್ನೂ ಆಫ್ ಮಾಡಿ. ನಿಮಗೆ ಕಂಡ ಕಡಿತಕ್ಕೆ ಆ ಮೌನ ಕತ್ತರಿಸುವ ಸೆಟ್ಟಿಂಗೂ ಒಂದು ಕಾರಣ ಇರಬಹುದು; ಮುಖ್ಯ ಕಾರಣ ಎಂಪಿ3, ಅದನ್ನು ಮುಂದೆ ಯಾರಾದರೂ ಬಿಡಿಸಿ ಹೇಳಲಿ.

ರೀಡ್ ಆಫ್‌ಸೆಟ್ ಬಗ್ಗೆ ಗಾಬರಿ ಬೇಡ. ಪ್ರತಿ ಡ್ರೈವ್ ಮಾದರಿಯೂ ಕೆಲವು ಸ್ಯಾಂಪಲ್ ಹಿಂದೆ ಮುಂದೆ ಓದುತ್ತದೆ. ಎಷ್ಟೋ ಮಾದರಿಗಳಿಗೆ ಅದು +6, ಇನ್ನು ಕೆಲವಕ್ಕೆ +667. ಸೆಕೆಂಡಿಗೆ 44,100 ಸ್ಯಾಂಪಲ್ ಇರುವಾಗ 667 ಅಂದರೂ 15 ಮಿಲಿಸೆಕೆಂಡ್, ಕಿವಿಗೆ ಗೊತ್ತಾಗುವುದಿಲ್ಲ. ಆದರೆ ಬೇರೆಯವರ ರಿಪ್ ಜೊತೆ, ಅಥವಾ ನಿಮ್ಮದೇ ಇನ್ನೊಂದು ಡ್ರೈವಿನ ಜೊತೆ ಸಿಆರ್‌ಸಿ (ಓದಿದ ಮಾಹಿತಿಯಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ) ಹೋಲಿಸಬೇಕಾದರೆ ಇದು ಸರಿ ಇರಲೇಬೇಕು. ಎಲ್ಲೆಡೆ ಮಾರಾಟವಾದ ಜನಪ್ರಿಯ ಸಿಡಿಯೊಂದನ್ನು ಹಾಕಿದರೆ ಇಎಸಿ ಆಕ್ಯುರೇಟ್‌ರಿಪ್ (ಜನ ಕಳಿಸಿದ ರಿಪ್ ಫಲಿತಾಂಶಗಳ ಅಂತರ್ಜಾಲ ಡೇಟಾಬೇಸ್) ಮೂಲಕ ತಾನೇ ಕಂಡುಹಿಡಿಯುತ್ತದೆ. ಕನ್ನಡ ಸಿಡಿಗಳು ಈ ಕೆಲಸಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ. ಅಂಥ ಸಿಡಿ ಇಲ್ಲದಿದ್ದರೆ ಆಕ್ಯುರೇಟ್‌ರಿಪ್ ತಾಣದ ಡ್ರೈವ್ ಪಟ್ಟಿಯಲ್ಲಿ ನಿಮ್ಮ ಮಾದರಿಯ ಸಂಖ್ಯೆ ಹುಡುಕಿ ಕೈಯಲ್ಲೇ ಹಾಕಿ.

ಆಮೇಲೆ ಪ್ರತಿ ಸಿಡಿಗೂ ಆಕ್ಷನ್ ಮೆನುವಿನಿಂದ "ಟೆಸ್ಟ್ ಅಂಡ್ ಕಾಪಿ" (ಎರಡು ಸಲ ಓದಿ ಹೋಲಿಸುವುದು), ಕಂಪ್ರೆಸ್ಡ್. ಫ್ಲಾಕ್ ಲೆವೆಲ್ 8 ಇಡಿ, ವೆರಿಫೈ ಇರಲಿ. ಲಾಗ್ ಫೈಲನ್ನು (ಇಎಸಿ ಬರೆಯುವ ವರದಿ) ಹಾಡಿನ ಫೋಲ್ಡರಿನಲ್ಲೇ ಉಳಿಸಿ, ಎಂದಿಗೂ ಅಳಿಸಬೇಡಿ. ಗಂಟೆಯ ಸಿಡಿಗೆ 15ರಿಂದ 25 ನಿಮಿಷ ಹಿಡಿಯುತ್ತದೆ.

ತಾಳಮದ್ದಳೆ

ಕೀಲಿಮಣೆಯವರು ಹೇಳಿದ್ದೆಲ್ಲ ಸರಿ, ಆದರೆ 300 ಸಿಡಿಗೆ ಟೆಸ್ಟ್ ಅಂಡ್ ಕಾಪಿ ಅಂದರೆ ಎರಡು ಪಟ್ಟು ಸಮಯ. ಕ್ಯೂರಿಪ್ಪರ್ ಅಥವಾ ದುಡ್ಡು ಕೊಟ್ಟು ಕೊಳ್ಳುವ ಡಿಬಿಪವರ್‌ಆಂಪ್ ಬಳಸಿ ಒಂದೇ ಸಲ ಓದಿಸಿ, ಆಕ್ಯುರೇಟ್‌ರಿಪ್ ಹೊಂದಿದರೆ ಮುಂದೆ ಹೋಗಬಹುದಲ್ಲ? ಬೇರೆ ಬೇರೆ ಊರಿನ, ಬೇರೆ ಬೇರೆ ಡ್ರೈವಿನ ಫಲಿತಾಂಶಕ್ಕೆ ಹೊಂದಿದ ಮೇಲೆ ಎರಡನೇ ಓದಿನಿಂದ ಹೊಸದಾಗಿ ಏನೂ ಸಿಗುವುದಿಲ್ಲ.

ಕೀಲಿಮಣೆ

ಹೊಂದಿದರೆ ನಿಮ್ಮ ಮಾತು ಪೂರ್ತಿ ಒಪ್ಪುವಂಥದ್ದು. ತೊಂದರೆ ಇರುವುದು "ಹೊಂದಿದರೆ" ಅನ್ನುವಲ್ಲಿ. ಆಕ್ಯುರೇಟ್‌ರಿಪ್‌ನಲ್ಲಿ ಮಾಹಿತಿ ಇರಬೇಕಾದರೆ ಅದೇ ಸಿಡಿಯನ್ನು ಬೇರೆ ಯಾರೋ ರಿಪ್ ಮಾಡಿ ಕಳಿಸಿರಬೇಕು. ಕಡಿಮೆ ಪ್ರತಿ ಒತ್ತಿದ ಭಾವಗೀತೆ, ಯಕ್ಷಗಾನ, ಸ್ಥಳೀಯ ಕಛೇರಿಗಳ ಸಿಡಿ ಹಾಕಿ ನೋಡಿ, "ಡಿಸ್ಕ್ ನಾಟ್ ಪ್ರೆಸೆಂಟ್ ಇನ್ ಡೇಟಾಬೇಸ್" ಅಂತ ಬರುವುದೇ ಹೆಚ್ಚು. ಅದು ದೋಷದ ಸೂಚನೆ ಅಲ್ಲ, ಹೋಲಿಸಲು ಯಾರೂ ಇಲ್ಲ ಅಂತ ಅಷ್ಟೇ. ಅಂಥ ಸಿಡಿಗೆ ನಮಗಿರುವ ಸಾಕ್ಷಿ ಒಂದೇ: ಟೆಸ್ಟ್ ಸಿಆರ್‌ಸಿ ಮತ್ತು ಕಾಪಿ ಸಿಆರ್‌ಸಿ ಎರಡೂ ಒಂದೇ ಆಗಿರುವುದು. ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ಎರಡು ಬೇರೆ ಡ್ರೈವ್‌ಗಳಲ್ಲಿ ಒಂದೇ ಸಿಆರ್‌ಸಿ ಬರುವುದು.

ಹಾಗಾಗಿ ಎರಡನ್ನೂ ಸೇರಿಸಿ ಮಾಡಿ. ಡೇಟಾಬೇಸಿನಲ್ಲಿ ಇರುವ ಸಿಡಿ ಒಂದು ಸಲ, ಇಲ್ಲದ್ದು ಎರಡು ಸಲ. ಇಲ್ಲದ್ದನ್ನು ಇಳಿಸಿದ ಮೇಲೆ ಫಲಿತಾಂಶವನ್ನು ಆಕ್ಯುರೇಟ್‌ರಿಪ್‌ಗೂ ಅಂಥದ್ದೇ ಆದ ಕ್ಯೂಟೂಲ್ಸ್ ಡೇಟಾಬೇಸಿಗೂ ದಯವಿಟ್ಟು ಕಳಿಸಿ. ಅದೇ ಸಿಡಿ ಇಟ್ಟುಕೊಂಡ ಮುಂದಿನ ಕನ್ನಡಿಗರಿಗೆ ಹೋಲಿಸಲು ನೀವಾದರೂ ಇರುತ್ತೀರಿ.

ಮಾಳಮಡ್ಡಿ

ಮ್ಯಾಕ್ ಇದ್ದವರಿಗೆ ಇಎಸಿ ನಡೆಯೂದಿಲ್ಲ. ಎಕ್ಸ್‌ಎಲ್‌ಡಿ ಹಾಕ್ಕೋರಿ, ಪುಕ್ಕಟೆ ಅದ, ಆಕ್ಯುರೇಟ್‌ರಿಪ್ಪೂ ನೋಡ್ತದ, ಲಾಗೂ ಬರೀತದ. ಲಿನಕ್ಸ್‌ನವರು ವಿಪ್ಪರ್ ತಗೋರಿ; ಮೊದಲ ಡ್ರೈವ್ ಅನಲೈಜ್ ಮಾಡಿ, ಆಫ್‌ಸೆಟ್ ಹಾಕಿ, ಆಮ್ಯಾಲೆ ರಿಪ್ ಮಾಡ್ರಿ. ಆಪಲ್‌ನ ಮ್ಯೂಸಿಕ್ ಆ್ಯಪ್ ಫ್ಲಾಕ್ ತಗೊಳ್ಳೂದಿಲ್ಲ, ಅದಕ್ಕ ಎಎಲ್‌ಎಸಿ (ಫ್ಲಾಕ್‌ನಂಥದ ಆಪಲ್‌ನ ಮಾದರಿ) ಬೇಕು. ಫ್ಲಾಕ್‌ನಿಂದ ಎಎಲ್‌ಎಸಿಗೆ, ಅಲ್ಲಿಂದ ತಿರುಗಿ ಫ್ಲಾಕ್‌ಗೆ ಎಷ್ಟು ಸಲ ಬದಲಿಸಿದ್ರೂ ಒಂದು ಬಿಟ್ಟೂ ಕಡಿಮಿ ಆಗೂದಿಲ್ಲ. ಹಂಗಾಗಿ ಚಿಂತಿ ಮಾಡಬ್ಯಾಡ್ರಿ.

ಇನ್ನೊಂದು. 1980ರ ದಶಕದಾಗ ಹೊರದೇಶದಾಗ ಒತ್ತಿದ ಹಳೇ ಸಿಡಿ ಇದ್ರ ಇಎಸಿ ಪಟ್ಟಿಯೊಳಗ ಪ್ರೀ-ಎಂಫಸಿಸ್ ಅಂತ ಒಂದು ಕಾಲಮ್ ಇರ್ತದ, ಅದನ್ನ ನೋಡ್ರಿ. "ಯೆಸ್" ಅಂತ ಇದ್ರ ಆ ಸಿಡಿಯೊಳಗ ಮೇಲಿನ ಸ್ವರ ಬೇಕಂತನ ಏರಿಸಿ ಬರದಾರ. ಸಿಡಿ ಪ್ಲೇಯರ್ ಅದನ್ನ ತಾನ ಇಳಸ್ತದ, ಫೈಲ್ ಮಾಡಿದ್ರ ಇಳಸೂದಿಲ್ಲ, ತಂಬೂರಿ ಕರ್ಕಶ ಅನಸ್ತದ. ಸಾಕ್ಸ್ ಅನ್ನೂ ತಂತ್ರಾಂಶದೊಳಗ ಡೀ-ಎಂಫಸಿಸ್ ಅದ, ಅದನ್ನ ಹಚ್ಚಿ ಇನ್ನೊಂದು ಪ್ರತಿ ಮಾಡ್ಕೋರಿ, ಮೂಲ ಫ್ಲಾಕ್ ಹಂಗ ಇರಲಿ.

ನಾದಲಹರಿ

ಟ್ಯಾಗ್ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಸಂಗೀತಕ್ಕೆ ನಿಜವಾದ ಕೆಲಸ ಇರುವುದೇ ಇಲ್ಲಿ.

ತಪ್ಪು ಹೆಸರು ಬಂದದ್ದಕ್ಕೆ ಕಾರಣ ಇದು. ಆಡಿಯೋ ಸಿಡಿಯಲ್ಲಿ ಸಾಮಾನ್ಯವಾಗಿ ಹಾಡಿನ ಹೆಸರು ಇರುವುದಿಲ್ಲ. ತಂತ್ರಾಂಶವು ಟ್ರ್ಯಾಕ್‌ಗಳು ಶುರುವಾಗುವ ಸಮಯ, ಒಟ್ಟು ಅವಧಿ, ಟ್ರ್ಯಾಕ್ ಸಂಖ್ಯೆ ಇವುಗಳಿಂದ ಒಂದು ಗುರುತು ಮಾಡಿಕೊಂಡು ಅಂತರ್ಜಾಲದಲ್ಲಿ ಹುಡುಕುತ್ತದೆ. ಹಳೇ ಫ್ರೀಡಿಬಿ ಮಾದರಿಯ ಗುರುತು ತುಂಬ ಚಿಕ್ಕದು, ಬೇರೆ ಬೇರೆ ಸಿಡಿಗಳಿಗೆ ಒಂದೇ ಗುರುತು ಬೀಳುತ್ತದೆ. ಕಛೇರಿ ಸಿಡಿಗಳಲ್ಲಿ ನಾಲ್ಕೈದೇ ಟ್ರ್ಯಾಕ್ ಇರುವುದರಿಂದ ಹೀಗಾಗುವುದು ಇನ್ನೂ ಸುಲಭ. ಫ್ರೀಡಿಬಿ 2020ರಲ್ಲಿ ಮುಚ್ಚಿತು, ಅದರ ಮಾಹಿತಿ ಜಿಎನ್‌ಯುಡಿಬಿಯಲ್ಲಿ ಮುಂದುವರಿದಿದೆ. ಮ್ಯೂಸಿಕ್‌ಬ್ರೈನ್ಜ್ ಗುರುತು ಹೆಚ್ಚು ನಂಬಿಕೆಯದು, ಆದರೆ ಕನ್ನಡದ ಸಿಡಿಗಳು ಅಲ್ಲಿ ಕಡಿಮೆ. ಒಟ್ಟಿನಲ್ಲಿ ನೀವೇ ಟೈಪ್ ಮಾಡಬೇಕು ಅಂದುಕೊಂಡೇ ಶುರು ಮಾಡಿ.

ಆದ್ದರಿಂದ ಸಿಡಿ ಡ್ರೈವಿನಲ್ಲಿ ತಿರುಗುತ್ತಿರುವಾಗಲೇ ಒಳಗಿನ ಪುಸ್ತಿಕೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಬಿಡಿ. ಪಿಟೀಲು ಯಾರದು, ಮೃದಂಗ ಯಾರದು, ಖಂಡಚಾಪೋ ಮಿಶ್ರಚಾಪೋ, ಇವೆಲ್ಲ ಎಷ್ಟೋ ಸಲ ಆ ಕಾಗದ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ.

ಟೈಪ್ ಮಾಡಲು ಎಂಪಿ3ಟ್ಯಾಗ್ ಒಳ್ಳೆಯದು, ಹೆಸರು ಎಂಪಿ3 ಆದರೂ ಫ್ಲಾಕ್‌ಗೂ ನಡೆಯುತ್ತದೆ. ಒಂದೊಂದೇ ಫೈಲ್ ತೆರೆದು ಬರೆಯಬೇಡಿ. ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲಿಗೆ ಒಂದು ಟ್ರ್ಯಾಕ್ ಬರೆದು, ಪಠ್ಯ ಫೈಲಾಗಿ ಉಳಿಸಿ, ಕನ್ವರ್ಟ್ ಮೆನುವಿನಿಂದ ಒಮ್ಮೆಲೇ ಟ್ಯಾಗ್‌ಗೆ ಹಾಕಬಹುದು. ಪಠ್ಯ ಫೈಲ್ ಯೂನಿಕೋಡ್ ಆಗಿರಬೇಕು. ನುಡಿ ಅಥವಾ ಬರಹದ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪಟ್ಟಿ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿ, ಇಲ್ಲವಾದರೆ ಗಜಿಬಿಜಿ ಅಕ್ಷರ ಬರುತ್ತವೆ.

ಫೀಲ್ಡುಗಳ ವಿಷಯ. ಕಛೇರಿಗೆ ಆರ್ಟಿಸ್ಟ್ ಮತ್ತು ಆಲ್ಬಂ ಆರ್ಟಿಸ್ಟ್ ಎರಡರಲ್ಲೂ ಮುಖ್ಯ ಕಲಾವಿದರು, ಕಂಪೋಸರ್‌ನಲ್ಲಿ ವಾಗ್ಗೇಯಕಾರರು, ಪರ್ಫಾರ್ಮರ್‌ನಲ್ಲಿ ಪಕ್ಕವಾದ್ಯದವರು. ಫ್ಲಾಕ್‌ನಲ್ಲಿ ನಮಗೆ ಬೇಕಾದ ಫೀಲ್ಡನ್ನು ನಾವೇ ಹುಟ್ಟಿಸಬಹುದು, ರಾಗ ಮತ್ತು ತಾಳಕ್ಕೆ ಒಂದೊಂದು ಮಾಡಿ. ಫೀಲ್ಡಿನ ಹೆಸರು ಮಾತ್ರ ರೋಮನ್ ಅಕ್ಷರದಲ್ಲೇ ಇರಬೇಕು, ಅದು ಫ್ಲಾಕ್‌ನ ಕಟ್ಟುಪಾಡು. ಅದರೊಳಗಿನ ಮಾಹಿತಿ ಕನ್ನಡದಲ್ಲಿ ಇರಬಹುದು. ರಾಗಮಾಲಿಕೆಗೆ ಒಂದೇ ಫೀಲ್ಡಿಗೆ ಹಲವು ಬೆಲೆ ಹಾಕಿ. ಎಂಪಿ3ಟ್ಯಾಗ್‌ನಲ್ಲಿ ನಡುವೆ ಎರಡು ಬ್ಯಾಕ್‌ಸ್ಲ್ಯಾಶ್ ಕೊಟ್ಟರೆ ಸಾಕು. ಪುಟ್ಟ ಪ್ಲೇಯರ್‌ಗಳು ರಾಗದ ಫೀಲ್ಡ್ ತೋರಿಸುವುದಿಲ್ಲ. ಹಾಗಾಗಿ ಟೈಟಲ್‌ನಲ್ಲೂ "ಕೃತಿ – ರಾಗ – ತಾಳ" ಅಂತ ಸೇರಿಸಿ ಬರೆಯಿರಿ, ಆಲಾಪನೆ ಬೇರೆ ಟ್ರ್ಯಾಕ್ ಆಗಿದ್ದರೆ "ಆಲಾಪನೆ – ತೋಡಿ" ಅಂತ.

ಚಿತ್ರಗೀತೆಗೆ ಆರ್ಟಿಸ್ಟ್ ಅಂದರೆ ಹಾಡಿದವರು, ಕಂಪೋಸರ್ ಸಂಗೀತ ನಿರ್ದೇಶಕರು, ಲಿರಿಸಿಸ್ಟ್ ಸಾಹಿತ್ಯ. ಆಯ್ದ ಹಾಡುಗಳ ಸಿಡಿಗೆ ಆಲ್ಬಂ ಆರ್ಟಿಸ್ಟ್ ಜಾಗದಲ್ಲಿ "ವಿವಿಧ ಕಲಾವಿದರು" ಅಂತ ಹಾಕದಿದ್ದರೆ, ಪಿ.ಬಿ. ಶ್ರೀನಿವಾಸ್ ಹಾಡಿದ್ದು ಒಂದು ಆಲ್ಬಂ, ಎಸ್. ಜಾನಕಿ ಹಾಡಿದ್ದು ಇನ್ನೊಂದು ಅಂತ ಒಂದೇ ಸಿಡಿ ಚೂರು ಚೂರಾಗಿ ಕಾಣುತ್ತದೆ. ಸಿನಿಮಾದ ಹೆಸರಿಗೆ ಬೇರೆ ಫೀಲ್ಡ್ ಮಾಡಿ. ಭಾವಗೀತೆಯಲ್ಲಂತೂ ಲಿರಿಸಿಸ್ಟ್ ಬಿಡಲೇಬೇಡಿ. ಬೇಂದ್ರೆಯವರ ಹೆಸರು ಆ ಫೀಲ್ಡಿನಲ್ಲಿ ಇದ್ದರೆ ಸಿ. ಅಶ್ವಥ್, ಮೈಸೂರು ಅನಂತಸ್ವಾಮಿ ಯಾರೇ ಸಂಯೋಜಿಸಿರಲಿ, ಯಾವ ಸಿಡಿಯಲ್ಲೇ ಇರಲಿ, ಬೇಂದ್ರೆ ಅಂತ ಒತ್ತಿದ ಕೂಡಲೇ ಎಲ್ಲ ಒಟ್ಟಿಗೆ ಸಾಲಾಗಿ ನಿಲ್ಲುತ್ತವೆ. ಕ್ಯಾಸೆಟ್ ಕಾಲದಲ್ಲೂ ಸಿಡಿ ಕಾಲದಲ್ಲೂ ಸಾಧ್ಯವಿಲ್ಲದ ಕೇಳುವಿಕೆ ಇದು. ಇಷ್ಟು ಟೈಪ್ ಮಾಡುವುದು ಸಾರ್ಥಕ ಅನಿಸುವುದು ಆಗಲೇ.

ಕನ್ನಡ ಲಿಪಿಯಲ್ಲಿ ಬರೆಯುವಾಗ ಮೂರು ಕಡೆ ಎಚ್ಚರ ಬೇಕು.

ಕಣ್ಣಿಗೆ ಕಾಣದ ಅಕ್ಷರ. ಕೆಲವು ಕೀಲಿಮಣೆಗಳು ಅರ್ಧಾಕ್ಷರದ ನಂತರ ಶೂನ್ಯ ಅಗಲದ ಬೇರ್ಪಡಿಕೆ ಗುರುತು ಹಾಕುತ್ತವೆ. ಪದದ ಕೊನೆಯಲ್ಲಿ ಅದು ಕಾಣುವುದೇ ಇಲ್ಲ, "ಅಶ್ವಥ್" ಎರಡು ಕಲಾವಿದರಾಗಿ ಪಟ್ಟಿಯಲ್ಲಿ ನಿಲ್ಲುತ್ತಾರೆ. ಹೆಸರನ್ನು ಪ್ರತಿ ಸಲ ಟೈಪ್ ಮಾಡದೆ ಒಂದು ಪಟ್ಟಿಯಿಂದ ಕಾಪಿ ಮಾಡಿ ಅಂಟಿಸಿ.

ಓತ್ವದ ಜೋಡಣೆ. "ಮೋ" ಅನ್ನುವಲ್ಲಿನ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಇಡಬಹುದು. ನೋಡಲು ಒಂದೇ, ಹುಡುಕುವಾಗ ಬೇರೆ. ಹಳೇ ಮ್ಯಾಕ್‌ನ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಡುತ್ತಿತ್ತು. ಫೈಲ್ ಹೆಸರಿನಿಂದ ಟ್ಯಾಗ್ ಮಾಡಿದರೆ ಮೋಹನ ರಾಗ ಎರಡು ಕಡೆ ಹಂಚಿಹೋಗುತ್ತದೆ.

ಹೆಸರಿನ ಉದ್ದ. ಲಿನಕ್ಸ್ ಮತ್ತು ಹೆಚ್ಚಿನ ನೆಟ್‌ವರ್ಕ್ ಡಿಸ್ಕುಗಳಲ್ಲಿ ಫೈಲ್ ಹೆಸರಿಗೆ 255 ಬೈಟಿನ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಅಂದರೆ 85 ಸಂಕೇತ. "ಕ್ಷೇ" ಒಂದಕ್ಕೇ ನಾಲ್ಕು ಸಂಕೇತ, 12 ಬೈಟ್ ಹೋಯಿತು. ವಿಂಡೋಸ್‌ನಲ್ಲಿ ಚೆನ್ನಾಗಿದ್ದ ಉದ್ದ ಹೆಸರು ಅಲ್ಲಿಗೆ ಕಾಪಿ ಆಗುವುದಿಲ್ಲ. ಅದಕ್ಕೆ ನನ್ನ ಸಲಹೆ: ಫೈಲ್ ಹೆಸರು ಚಿಕ್ಕದಾಗಿ ರೋಮನ್ ಲಿಪಿಯಲ್ಲಿ, ಮುಂದೆ 01, 02 ಅಂತ ಸಂಖ್ಯೆ, ಕನ್ನಡವೆಲ್ಲ ಟ್ಯಾಗ್ ಒಳಗೆ.

ಮುಗಿದ ಮೇಲೆ ಮ್ಯೂಸಿಕ್‌ಬ್ರೈನ್ಜ್‌ಗೆ ಆ ಸಿಡಿಯನ್ನು ಸೇರಿಸಿ. ಹೇಗೂ ಟೈಪ್ ಮಾಡಿಯಾಗಿದೆ, ಇನ್ನೊಬ್ಬರು ಮಾಡುವುದು ತಪ್ಪಲಿ.

ಶ್ರುತಿಪೆಟ್ಟಿಗೆ

ಇಷ್ಟು ವಿವರ ಸಿಕ್ಕಿದ್ದಕ್ಕೆ ತುಂಬಾ ಧನ್ಯವಾದ. ಅಡಾಪ್ಟರ್ ಇರುವ ಕನ್ವರ್ಟರ್ ತರಿಸಿ, ಇಎಸಿ ಶುರು ಮಾಡಿದ್ದೇನೆ. ಹೆಚ್ಚಿನವು ಸರಾಗವಾಗಿ ಬಂದವು. ಒಂದು ಸಿಡಿಯ 3ನೇ ಟ್ರ್ಯಾಕ್ ಮಾತ್ರ ಗಂಟೆಗಟ್ಟಲೆ ನಿಂತು, ಕೊನೆಗೆ ಲಾಗ್‌ನಲ್ಲಿ "ಸಸ್ಪಿಷಿಯಸ್ ಪೊಸಿಷನ್ 0:04:12" ಅಂತ ಬಂತು. ಟೆಸ್ಟ್, ಕಾಪಿ ಸಿಆರ್‌ಸಿ ಹೊಂದಲಿಲ್ಲ. ಸಿಡಿಯ ಮೇಲೆ ಗೀರುಗಳಿವೆ, ಪ್ಲಾಸ್ಟಿಕ್ ಕವರಿಗೆ ಅಂಟಿದ ಕಲೆಯೂ ಇದೆ. ಇದಕ್ಕೇನು ಮಾಡುವುದು?

ಕಡಲತಡಿ

ಆ ಸಾಲಿನ ಅರ್ಥ ಟ್ರ್ಯಾಕ್ ಶುರುವಾಗಿ 4 ನಿಮಿಷ 12 ಸೆಕೆಂಡಿನ ಹತ್ತಿರ ಎಷ್ಟು ಓದಿದರೂ ಒಮ್ಮತ ಸಿಗಲಿಲ್ಲ ಅಂತ. ಅಲ್ಲಿ ಹೆಡ್‌ಫೋನ್ ಹಾಕಿ ಕೇಳಿ, ಟಿಕ್ ಸದ್ದೋ ಧ್ವನಿ ಹಾರಿದ್ದೋ ಗೊತ್ತಾಗುತ್ತದೆ.

ಮೊದಲು ಕತ್ತಲೆಯಲ್ಲಿ ಸಿಡಿಯನ್ನು ಬಲ್ಬಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಅಲ್ಲಿ ಲೋಹದ ಪದರವೇ ಹೋಗಿದೆ, ಉಜ್ಜಿ ಪ್ರಯೋಜನವಿಲ್ಲ. ಆ ಪದರ ಇರುವುದು ಚಿತ್ರ ಅಚ್ಚಾದ ಮೇಲ್ಭಾಗದ ತೆಳು ಮೆರುಗಿನ ಕೆಳಗೆ. ಹೊಳೆಯುವ ಕೆಳಭಾಗದಲ್ಲಿ 1.2 ಮಿಲಿಮೀಟರ್ ಪ್ಲಾಸ್ಟಿಕ್ ಕಾವಲಿದೆ. ಅದಕ್ಕೇ ಮೇಲಿನ ಗೀರು ಕೆಳಗಿನ ಗೀರಿಗಿಂತ ಅಪಾಯ.

ಬೆಳಕು ತೂರದಿದ್ದರೆ ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಬೆರಳ ತುದಿಯಿಂದ ತೊಳೆಯಿರಿ. ಪ್ಲಾಸ್ಟಿಕ್ ಕವರಿನ ಅಂಟು, ಕರಾವಳಿ ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಹಿಡಿಯುವ ಬೂಷ್ಟು ಎರಡೂ ಇದಕ್ಕೆ ಹೋಗುತ್ತವೆ. ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸಿ. ಸುತ್ತಲೂ ಒರೆಸಿದರೆ, ಬಟ್ಟೆಯ ಮರಳು ಕಣ ಮಾಡುವ ಗೀರು ಸುರುಳಿಯ ಉದ್ದಕ್ಕೂ ಬಿದ್ದು, ಒಂದೇ ಕಡೆಯ ಮಾಹಿತಿ ಬಹಳ ಹೊತ್ತು ಕಾಣೆಯಾಗುತ್ತದೆ. ತಪ್ಪು ತಿದ್ದುವ ವ್ಯವಸ್ಥೆ ಅಷ್ಟು ಉದ್ದದ ತುಂಡನ್ನು ಕಟ್ಟಿಕೊಡಲಾರದು. ಅಡ್ಡ ಗೀರನ್ನು ಅದು ಸುಲಭವಾಗಿ ದಾಟುತ್ತದೆ. ಥಿನ್ನರ್, ಅಸಿಟೋನ್, ಪೆಟ್ರೋಲ್ ಮುಟ್ಟಿಸಲೇಬೇಡಿ, ಪ್ಲಾಸ್ಟಿಕ್ ಮಬ್ಬಾಗುತ್ತದೆ. ಸಿಡಿ ಪೂರ್ತಿ ಒಣಗಿದ ಮೇಲಷ್ಟೇ ಡ್ರೈವಿಗೆ ಹಾಕಿ.

ಆಮೇಲೂ ಬರದಿದ್ದರೆ ತೆಳು ಡ್ರೈವಿನಲ್ಲಿ ಆ ಒಂದು ಟ್ರ್ಯಾಕ್ ಮಾತ್ರ ಓದಿಸಿ. ಇಡೀ ಸಿಡಿ ಮತ್ತೆ ಮಾಡುವ ಅಗತ್ಯವಿಲ್ಲ, ಎರಡೂ ಡ್ರೈವಿನ ಆಫ್‌ಸೆಟ್ ಸರಿ ಹಾಕಿದ್ದರೆ ಆಯಿತು. ವೇಗವನ್ನು 8 ಅಥವಾ 4ಕ್ಕೆ ಇಳಿಸಿ ನೋಡಿ. ಕೆಲವು ಡ್ರೈವಿಗೆ ಲಾಭ, ಕೆಲವಕ್ಕೆ ಏನೂ ಆಗದು. ಎರಡು ಸಂದರ್ಭದಲ್ಲಿ ಮಾತ್ರ ನಿಧಾನ ಕಡ್ಡಾಯ: ಕಾಗದದ ಲೇಬಲ್ ಅಂಟಿಸಿದ ಸಿಡಿ, ಮತ್ತು ನಡುವಿನ ತೂತಿನಿಂದ ಸೀಳು ಬಿಟ್ಟ ಸಿಡಿ. ಮೊದಲನೆಯದು ತೂಕ ತಪ್ಪಿ ನಡುಗುತ್ತದೆ, ಎರಡನೆಯದು ಪೂರ್ಣ ವೇಗದಲ್ಲಿ ಡ್ರೈವಿನೊಳಗೆ ಒಡೆದು ಚೂರಾಗಬಹುದು. ಒಂದೇ ಸಮನೆ ಹತ್ತಾರು ಸಿಡಿ ಓಡಿಸಿ ಡ್ರೈವ್ ಕಾದಿದ್ದರೆ ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಿ.

ಕೊನೆಯ ದಾರಿ ಕ್ಯೂಟೂಲ್ಸ್. ಅದರ ಡೇಟಾಬೇಸಿನಲ್ಲಿ ಆ ಸಿಡಿ ಇದ್ದರೆ, ಬರೀ ಹೋಲಿಸುವುದಲ್ಲ, ಅಲ್ಲಿಟ್ಟಿರುವ ತಿದ್ದುವ ಮಾಹಿತಿಯಿಂದ ಸಣ್ಣ ದೋಷವನ್ನು ಸರಿ ಮಾಡಿಯೇ ಕೊಡುತ್ತದೆ. ರಿಪೇರ್ ಅಂತ ಆಯ್ಕೆ ಇದೆ. ಇದಕ್ಕೆ ಸಿಡಿಯ ಎಲ್ಲ ಟ್ರ್ಯಾಕ್‌ಗಳೂ ಒಟ್ಟಿಗೆ ಬೇಕು. ಡೇಟಾಬೇಸಿನಲ್ಲಿ ಇಲ್ಲದಿದ್ದರೆ ಇದ್ದುದರಲ್ಲಿ ಚೆನ್ನಾಗಿ ಕೇಳುವ ಪ್ರತಿ ಇಟ್ಟುಕೊಂಡು, ಕಾಮೆಂಟ್ ಫೀಲ್ಡಿನಲ್ಲಿ "4:12 ದೋಷ" ಅಂತ ಬರೆದಿಡಿ. ಇನ್ನೊಂದು ಪ್ರತಿ ಸಿಕ್ಕಾಗ ಯಾವುದನ್ನು ಬದಲಿಸಬೇಕು ಅಂತ ಹುಡುಕುವ ಕೆಲಸ ಇರುವುದಿಲ್ಲ.

ತಾಳಮದ್ದಳೆ

ಪ್ಲೇಯರ್ ವಿಷಯ ಉಳಿದುಹೋಗಿದೆ, ಕಡಿತದ ಪ್ರಶ್ನೆಯೂ ಅದಕ್ಕೇ ಸೇರಿದ್ದು.

ಎಂಪಿ3 ಒಂದು ಫ್ರೇಮ್‌ಗೆ 1152 ಸ್ಯಾಂಪಲ್‌ನಂತೆ ಧ್ವನಿಯನ್ನು ಕಟ್ಟುತ್ತದೆ. ಟ್ರ್ಯಾಕ್ ಆ ಲೆಕ್ಕಕ್ಕೆ ಸರಿಯಾಗಿ ಮುಗಿಯದಿದ್ದರೆ ಕೊನೆಗೆ ಮೌನ ತುಂಬುತ್ತದೆ, ಮೊದಲಿಗೂ ಸ್ವಲ್ಪ ಮೌನ ಸೇರಿಸುತ್ತದೆ. ಎಂಪಿ3 ಮಾಡುವ ಲೇಮ್ ಎನ್‌ಕೋಡರ್ ಎಷ್ಟು ಸೇರಿಸಿದೆ ಅಂತ ಫೈಲಿನಲ್ಲೇ ಬರೆದಿಡುತ್ತದೆ. ಅದನ್ನು ಓದಿ ಕತ್ತರಿಸುವ ಪ್ಲೇಯರಿನಲ್ಲಿ ಕಡಿತ ಬರುವುದಿಲ್ಲ, ಓದದ ಪ್ಲೇಯರಿನಲ್ಲಿ ಬಂದೇ ಬರುತ್ತದೆ. ಫ್ಲಾಕ್, ಓಪಸ್‌ಗಳಲ್ಲಿ ಈ ಸಮಸ್ಯೆ ಮೂಲದಲ್ಲಿಲ್ಲ. ಆದರೂ ಪ್ಲೇಯರ್ ಸೆಟ್ಟಿಂಗ್‌ನಲ್ಲಿ ಗ್ಯಾಪ್‌ಲೆಸ್ (ಟ್ರ್ಯಾಕ್‌ಗಳ ನಡುವೆ ಬಿಡುವಿಲ್ಲದೆ ನುಡಿಸುವುದು) ಆನ್ ಮಾಡಿ, ಕ್ರಾಸ್‌ಫೇಡ್ (ಒಂದರ ಕೊನೆಯನ್ನು ಇನ್ನೊಂದರ ಆರಂಭಕ್ಕೆ ಬೆರೆಸುವುದು) ಆಫ್ ಮಾಡಿ. ಗ್ಯಾಪ್‌ಲೆಸ್ ಬಾರದ ಪ್ಲೇಯರ್ ಆದರೆ ರಾಗಂ ತಾನಂ ಪಲ್ಲವಿಯನ್ನೂ ಯಕ್ಷಗಾನ ಪ್ರಸಂಗವನ್ನೂ ಟ್ರ್ಯಾಕ್ ಒಡೆಯದೆ ಒಂದೇ ಫೈಲ್ ಮಾಡಿ ಹಾಕಿ, ಫೂಬಾರ್ ತಂತ್ರಾಂಶದ ಕನ್ವರ್ಟರಿನಲ್ಲಿ ಎಲ್ಲವನ್ನೂ ಸೇರಿಸಿ ಒಂದು ಫೈಲ್ ಮಾಡುವ ಆಯ್ಕೆ ಇದೆ.

ಗಾತ್ರ: ಫ್ಲಾಕ್ ಓದುವ ಪ್ಲೇಯರ್ ಆದರೆ 128 ಜಿಬಿ ಕಾರ್ಡಿನಲ್ಲಿ ಎಲ್ಲ ಹಾಗೇ ಹಿಡಿಯುತ್ತದೆ. ಇಲ್ಲವಾದರೆ ಲೇಮ್ ವಿ-2 (ಬೇಕಾದಷ್ಟೇ ಬಿಟ್ ಬಳಸುವ ಎಂಪಿ3 ಸೆಟ್ಟಿಂಗ್) ಹಾಕಿ, ಗಂಟೆಗೆ 85 ಎಂಬಿಯ ಸುಮಾರು, 300 ಸಿಡಿಗೆ 25 ಜಿಬಿ. ಸದಾ 320 ಇಡುವುದರಲ್ಲಿ ಅರ್ಥವಿಲ್ಲ. ಹಳೇ ಮೋನೋ ಧ್ವನಿಮುದ್ರಣಕ್ಕೆ ವಿ-2 ತಾನಾಗಿಯೇ ಕಡಿಮೆ ಬಿಟ್ ಬಳಸುತ್ತದೆ. ಕಾರ್ಡ್ ತಂದ ಕೂಡಲೇ ಎಚ್2ಟೆಸ್ಟ್‌ಡಬ್ಲ್ಯು ಓಡಿಸಿ ನಿಜವಾದ ಗಾತ್ರ ಪರೀಕ್ಷಿಸಿ. ನಕಲಿ ಕಾರ್ಡ್ 128 ಅಂತ ತೋರಿಸಿ ಅದಕ್ಕಿಂತ ಬಹಳ ಕಡಿಮೆ ಜಾಗದಲ್ಲೇ ಹಳೆಯದರ ಮೇಲೆ ಬರೆಯುತ್ತಾ ಹೋಗುತ್ತದೆ.

ಕನ್ನಡ ಲಿಪಿ: ಆ್ಯಂಡ್ರಾಯ್ಡ್ ಫೋನ್ ಮತ್ತು ಆ್ಯಂಡ್ರಾಯ್ಡ್ ಆಧಾರದ ಪ್ಲೇಯರ್‌ಗಳಲ್ಲಿ ಚೆನ್ನಾಗಿ ಕಾಣುತ್ತದೆ. ಗುಂಡಿ ಒತ್ತುವ ಅಗ್ಗದ ಪ್ಲೇಯರ್‌ಗಳಲ್ಲಿ ಫಾಂಟೇ ಇಲ್ಲದೆ ಚೌಕಗಳು ಬರುತ್ತವೆ. ಇನ್ನು ಕೆಲವದರಲ್ಲಿ ಅಕ್ಷರ ಬಂದರೂ ಒತ್ತು ಬಿಡಿಯಾಗಿ ನಿಂತು "ಕ್ಷ" ಹೋಗಿ "ಕ್ ಷ" ಆಗುತ್ತದೆ. ಮೂಲ ಫ್ಲಾಕ್‌ನಲ್ಲಿ ಕನ್ನಡ ಇರಲಿ. ಅಂಥ ಪ್ಲೇಯರಿಗೆ ಮಾಡುವ ಪ್ರತಿಯಲ್ಲಿ ಮಾತ್ರ, ನಾದಲಹರಿಯವರು ಹೇಳಿದ ರೋಮನ್ ಫೈಲ್ ಹೆಸರಿನಿಂದ ಎಂಪಿ3ಟ್ಯಾಗ್ ಮೂಲಕ ಟೈಟಲ್ ತುಂಬಿಸಿ. ಎಂಪಿ3 ಪ್ರತಿಗೆ ಐಡಿ3 (ಎಂಪಿ3ಯ ಟ್ಯಾಗ್ ಮಾದರಿ) ಆವೃತ್ತಿ 2.3, ಯುಟಿಎಫ್-16 ಇಟ್ಟರೆ ಹೆಚ್ಚು ಕಡೆ ನಡೆಯುತ್ತದೆ. ಮುಖಪುಟದ ಚಿತ್ರ 500 ಪಿಕ್ಸೆಲ್‌ನ ಸಾದಾ ಜೆಪೆಗ್ ಇರಲಿ, ಪ್ರೊಗ್ರೆಸಿವ್ ಜೆಪೆಗ್ ಕೆಲವು ಪ್ಲೇಯರ್‌ಗಳಿಗೆ ಕಾಣುವುದೇ ಇಲ್ಲ.

ಟ್ರ್ಯಾಕ್‌ಗಳು 1, 2, 3ರ ಬದಲು ಹಿಂದುಮುಂದಾಗಿ ನುಡಿದರೆ ಟ್ಯಾಗ್‌ನಲ್ಲಿ ಹುಡುಕಬೇಡಿ. ಅಗ್ಗದ ಪ್ಲೇಯರ್‌ಗಳೂ ಎಷ್ಟೋ ಕಾರ್ ಸ್ಟೀರಿಯೋಗಳೂ ಹೆಸರಿನ ಕ್ರಮ ನೋಡುವುದಿಲ್ಲ, ಕಾರ್ಡಿನ ಫ್ಯಾಟ್ ಪಟ್ಟಿಯಲ್ಲಿ (ಕಾರ್ಡಿನಲ್ಲಿರುವ ಫೈಲುಗಳ ದಾಖಲೆ) ಫೈಲ್ ಬರೆದ ಕ್ರಮ ನೋಡುತ್ತವೆ. ಕಾರ್ಡನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಎಲ್ಲ ತುಂಬಿದ ಮೇಲೆ ಫ್ಯಾಟ್ ವಿಂಗಡಿಸುವ ಪುಟ್ಟ ತಂತ್ರಾಂಶವೊಂದನ್ನು ಓಡಿಸಿ; ಲಿನಕ್ಸ್‌ನಲ್ಲಿ ಫ್ಯಾಟ್‌ಸಾರ್ಟ್ ಇದೆ. 32 ಜಿಬಿ ಮೀರಿದ ಕಾರ್ಡನ್ನು ವಿಂಡೋಸ್‌ನ ಮಾಮೂಲು ಫಾರ್ಮ್ಯಾಟ್ ಕಿಟಕಿ ಫ್ಯಾಟ್32 ಮಾಡಲು ಒಪ್ಪದಿದ್ದರೆ ರೂಫಸ್ ತಂತ್ರಾಂಶದಲ್ಲಿ "ನಾನ್ ಬೂಟಬಲ್" ಆರಿಸಿ ಮಾಡಬಹುದು. ಹೊಸ ಹಾಡು ಸೇರಿಸಿದಾಗಲೆಲ್ಲ ವಿಂಗಡಣೆಯನ್ನು ಮತ್ತೊಮ್ಮೆ ಓಡಿಸಬೇಕು.